ತೆರಿಗೆ ಓದುವ ಹುಡುಗಿಗೆ ಮನೆ ನೋಡಿದ್ದು

ನಮ್ಮವ್ವ ಈರಮ್ಮನಿಗೆ ಮನೆ ನೋಡುವುದೆಂದರೆ ಹಬ್ಬ. ಹೆಣ್ಣು ಕೊಡುವ ಮೊದಲು ಬೀಗರ ಮನೆ ಹೇಗಿದೆ ಎಂದು ನೋಡಿ ಬರಲು ಜಹೀರಾಬಾದಿನ ನಮ್ಮ ಓಣಿಯವರೆಲ್ಲ ಅವಳನ್ನೇ ಕರೆದೊಯ್ಯುತ್ತಾರೆ. ನಾರಾಯಣಖೇಡದಿಂದ ಯಾಲಾಲ್‌ವರೆಗೆ ಅವಳು ನೋಡದ ಹಿತ್ತಲಿಲ್ಲ. ಪಡಸಾಲೆಯಲ್ಲಿ ಹೆಚ್ಚು ಹೊತ್ತು ಕೂರುವುದಿಲ್ಲ. ನೀರು ಕುಡಿಯುವ ನೆಪ ಮಾಡಿ ಸೀದಾ ಅಡುಗೆಮನೆಗೆ ಹೋಗಿ, ಆ ಮನೆಗೆ ಮೊದಲೇ ಬಂದ ಸೊಸೆಯನ್ನು ಹಿಡಿದು ಒಂದೇ ಮಾತು ಕೇಳುತ್ತಾಳೆ: "ನಿನ್ನ ತಂಗೀನ ಈ ಮನಿಗಿ ತರ್ತೀಯೇನವ್ವ?" ಸೊಸೆ "ತರ್ತೀನಿ" ಅಂದರೆ ಸಂಬಂಧ ಗಟ್ಟಿ. ತಡವರಿಸಿದಳೋ, ಅವ್ವ ಚಹಾ ಕೂಡ ಮುಟ್ಟದೆ ಎದ್ದು ಬರುತ್ತಾಳೆ.

ಈ ವಿದ್ಯೆಯನ್ನು ಅವಳು ಕಾಲೇಜುಗಳ ಮೇಲೂ ಪ್ರಯೋಗಿಸುತ್ತಾಳೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ನಮ್ಮಣ್ಣ ಶಾಂತಪ್ಪನ ಮಗಳು ಸೌಮ್ಯಾ ಎಲ್‌ಎಲ್‌ಬಿ ಮುಗಿಸಿ ಜಹೀರಾಬಾದಿನ ಒಬ್ಬ ವಕೀಲರ ಹತ್ತಿರ ಒಂದು ವರ್ಷ ಜೂನಿಯರ್ ಆಗಿದ್ದಳು. ಜೂನಿಯರ್ ಅನ್ನುವುದು ಹೆಸರಿಗೆ ಮಾತ್ರ. ವಕೀಲರ ಚೀಲ ಹೊರುವುದು, ಮುಂದಿನ ತಾರೀಖು ಕೇಳಿ ಬರುವುದು, ಉಳಿದ ಹೊತ್ತೆಲ್ಲ ಕೋರ್ಟಿನ ಹೊರಗಿನ ಬೆಂಚಿನ ಮೇಲೆ ಕೂರುವುದು. ಬಂದವರು ಅವಳನ್ನು "ವಕೀಲಸಾಬರು ಎಲ್ಲಿ ಹೋಗ್ಯಾರವ್ವ?" ಎಂದು ಕೇಳುತ್ತಿದ್ದರೇ ಹೊರತು, ಈ ಹುಡುಗಿಯೂ ವಕೀಲೆಯೇ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಕೊನೆಗೆ ಅವಳು ಬೇಸತ್ತು ತೆರಿಗೆ ಕಾನೂನಿನಲ್ಲಿ ಎಲ್‌ಎಲ್‌ಎಂ ಮಾಡುತ್ತೇನೆಂದು ಹಟ ಹಿಡಿದಳು. ಹೈದರಾಬಾದಿನ ಎರಡು ಕಾಲೇಜುಗಳಲ್ಲಿ ಸೀಟೂ ಸಿಕ್ಕಿತು. ಸೋಮವಾರದೊಳಗೆ ಒಂದನ್ನು ಆರಿಸಿಕೊಳ್ಳಬೇಕಿತ್ತು.

"ಅತ್ತಿ, ಹೆಸರಿನ ಮುಂದ ಇನ್ನೊಂದು ಡಿಗ್ರಿ ಬರ್ಕೊಳ್ಳೋ ಆಸೆ ನನಗಿಲ್ಲ. ಓದಿದ ಮ್ಯಾಲ ನೌಕರಿ ಸಿಗ್ಬೇಕು. ಈ ಸರ್ತಿ ತಪ್ಪಿದ್ರ ಆ ಬೆಂಚಿನ ಮ್ಯಾಲೇ ಮುದುಕಿ ಆಗ್ತೀನಿ," ಅಂದಳು ನನಗೆ. ನಗುತ್ತಲೇ ಹೇಳಿದಳು, ಆದರೂ ನನಗೆ ಸಂಕಟವಾಯಿತು. ನಾನು ಎತ್ತಿ ಆಡಿಸಿದ ಹುಡುಗಿ ಅದು.

ನಾನು ಬಸವೇಶ್ವರಿ, ತಾಂಡೂರಿನಲ್ಲಿ ಮಕ್ಕಳಿಗೆ ಗಣಿತ ಕಲಿಸುವವಳು. ಮನೆಯಲ್ಲಿ ಕಾರು ಓಡಿಸುವುದು ಚೆನ್ನಾಗಿ ಬರುವುದು ನನಗೊಬ್ಬಳಿಗೇ, ಹಾಗಾಗಿ ಇಂಥ ಕೆಲಸವೆಲ್ಲ ನನ್ನ ತಲೆಗೇ. ಶನಿವಾರ ಮುಂಜಾನೆ ಹೊರಟು ನಿಂತರೆ, ಅವ್ವ ಆಗಲೇ ಇಳಕಲ್ ಸೀರೆ ಉಟ್ಟು ಹಿಂದಿನ ಸೀಟಿನಲ್ಲಿ ಕುಳಿತಿದ್ದಳು.

"ನೀ ಎಲ್ಲಿಗಬೇ?"

"ಮನಿ ನೋಡಾಕ."

"ಅವ್ವಾ, ಅದು ಕಾಲೇಜು."

"ಎರಡು ವರ್ಷ ಕೂಸಿಗಿ ಬಿಟ್ಟು ಬರ್ತೀರಿ. ಮನಿ ಅಲ್ದ ಮತ್ತೇನದು? ಸುಮ್ಮ ಗಾಡಿ ನಡಸು."

ಅವ್ವನ ಎದುರು ವಾದ ಮಾಡಿ ಗೆದ್ದವರು ನಮ್ಮ ಮನೆಯಲ್ಲಿ ಇನ್ನೂ ಹುಟ್ಟಿಲ್ಲ. ಗಾಡಿ ನಡೆಸಿದೆ.

ಮೊದಲನೆಯ ಕಾಲೇಜು ಊರ ಹೊರಗೆ, ಹೆದ್ದಾರಿಯ ಪಕ್ಕದಲ್ಲೇ ಇತ್ತು. ಮದುವೆ ಛತ್ರದಂಥ ಕಮಾನು, ಒಳಗೆ ಕಾಲಿಟ್ಟರೆ ಜಾರುವ ನೆಲ, ತಣ್ಣನೆ ಗಾಳಿ. ಗೋಡೆಯ ತುಂಬ ನೌಕರಿ ಸಿಕ್ಕ ವಿದ್ಯಾರ್ಥಿಗಳ ದೊಡ್ಡ ದೊಡ್ಡ ಫೋಟೋ. ನನಗಂತೂ ನೋಡಿದ ಕೂಡಲೇ ಮನಸ್ಸಾಯಿತು. ಸೀಟಿನ ವಿಚಾರ ಹೇಳಲು ಕುಳಿತಿದ್ದ ಹುಡುಗಿ ಮೊದಲು ತೆಲುಗಿನಲ್ಲಿ ಶುರುಮಾಡಿದಳು. ಅವ್ವನ ಮಾತು ಕಿವಿಗೆ ಬಿದ್ದದ್ದೇ, "ನಮ್ದು ಬೊಮ್ರಾಸಪೇಟ್ ಕಡೆ ಆಯಿ, ಬರ್ರಿ, ಕುಂದರ್ರಿ," ಎಂದು ಕನ್ನಡಕ್ಕೆ ಹೊರಳಿದಳು. ಹೆಸರು ಭವಾನಿ, ತಾನೂ ಇಲ್ಲೇ ಎಲ್‌ಎಲ್‌ಎಂ ಓದಿದವಳಂತೆ. ಅವ್ವನಿಗೆ ಅಷ್ಟೇ ಬೇಕಾಗಿತ್ತು.

"ನೀ ಈ ಮನಿ ಸೊಸೀನೇ ಆದಿ. ಖರೇ ಹೇಳು ತಂಗಿ, ನಿನ್ನ ತಂಗೀನ ಇಲ್ಲಿಗಿ ತರ್ತೀಯೇನು?"

"ತರ್ತೀನ್ರಿ ಆಯಿ! ಊಟ ಛಲೋ ಅದ, ಹಾಸ್ಟೆಲಿನಾಗ ಬಿಸಿನೀರ ಅದ, ಹಬ್ಬಕ್ಕೆಲ್ಲ ಸೂಟಿ ಕೊಡ್ತಾರ. ಯಾರೂ ಗದರ್ಸಂಗಿಲ್ಲ."

ಪಾಪ, ಹುಡುಗಿ ಮನಸ್ಸಿನಿಂದಲೇ ಹೇಳಿದಳು. ಅವ್ವ ಅವಳ ಗಲ್ಲ ಸವರಿ ಲಟಿಕೆ ಮುರಿದಳು. ಸೌಮ್ಯಾ ಮಾತ್ರ ಗೋಡೆ ನೋಡುತ್ತ ನಿಂತಿದ್ದಳು.

"ಸಂಬಂಧ ಪಕ್ಕಾ ಆತು. ಇನ್ನೊಂದು ಮನಿ ಯಾಕ ನೋಡ್ಬೇಕು?" ಎಂದಳು ಅವ್ವ, ಕಾರು ಹತ್ತುತ್ತ. ನನಗೂ ಹಾಗೇ ಅನಿಸಿತ್ತು. ಸೌಮ್ಯಾ, "ಹೇಳಿ ಬಂದೀನಿ ಆಯಿ, ಹೋಗ್ದಿದ್ರ ಮರ್ಯಾದಿ ಅಲ್ಲ," ಅಂದದ್ದರಿಂದ ಒಲ್ಲದ ಮನಸ್ಸಿನಿಂದ ಗಾಡಿ ತಿರುಗಿಸಿದೆ.

ಎರಡನೆಯದು ಊರ ನಡುವೆ, ಹಳೆಯ ಕಟ್ಟಡದ ಎರಡನೆಯ ಮಹಡಿ. ಲಿಫ್ಟ್ ಇತ್ತು, ನಡೆಯುತ್ತಿರಲಿಲ್ಲ. ಅವ್ವ ಮೆಟ್ಟಿಲಿಗೊಮ್ಮೆ ಶಿವನನ್ನು ಕರೆಯುತ್ತ, ನಡುನಡುವೆ ನನ್ನನ್ನು ಬೈಯುತ್ತ ಹತ್ತಿದಳು. ಇಲ್ಲಿ ಪಾಠವೆಲ್ಲ ಸಂಜೆ. ಹಗಲು ಹುಡುಗರು ತೆರಿಗೆ ಸಲಹೆಗಾರರ ಕಚೇರಿಗಳಲ್ಲಿ ಕೆಲಸ ಕಲಿಯಬೇಕು. ಗೋಡೆಯ ಮೇಲೆ ಒಂದು ಕ್ಯಾಲೆಂಡರ್ ಬಿಟ್ಟರೆ ಏನೂ ಇರಲಿಲ್ಲ. ಇಲ್ಲಿ ಓದಿದವರನ್ನು ಮಾತಾಡಿಸಬೇಕು ಎಂದು ಸೌಮ್ಯಾ ಕೇಳಿದಾಗ ಗುಮಾಸ್ತರು, "ನಿಮ್ಮ ಕಡೆಯ ಹುಡುಗಿಯೇ ಇದ್ದಾಳೆ, ನಾರಾಯಣಖೇಡದವಳು," ಎಂದು ಎದುರಿನ ಕಚೇರಿಗೆ ಫೋನು ಮಾಡಿದರು.

ಹೋದ ವರ್ಷ ಓದು ಮುಗಿಸಿದ ಮೀನಾ ಕಂಕುಳಲ್ಲಿ ಫೈಲು ಇಟ್ಟುಕೊಂಡು, ಅರ್ಧ ತಿಂದ ಸಮೋಸಾ ಕೈಯಲ್ಲಿ ಹಿಡಿದು ಓಡಿ ಬಂದಳು. ಅವ್ವ ಏದುಸಿರು ಬಿಡುತ್ತಲೇ ತನ್ನ ಪ್ರಶ್ನೆ ಕೇಳಿದಳು.

"ನನ್ನ ತಂಗೀನಾ? ಶಿವನೇ, ಬ್ಯಾಡ್ರಿ!" ಮೀನಾ ಕೈ ಕೈ ಆಡಿಸಿದಳು. "ಕೆಲಸ ಅಂದ್ರ ಕೆಲಸ್ರಿ. ರಿಟರ್ನ್ ತುಂಬೋ ತಾರೀಖು ಹತ್ರ ಬಂದ್ರ ಐತಾರದ ಸೂಟೀನೂ ಇಲ್ಲ, ಊಟದ ನೆಪ್ಪೂ ಇರಂಗಿಲ್ಲ. ಬರೆದದ್ದು ತಪ್ಪಾದ್ರ ಹಾಳಿ ಹರಿದು ಕೈಯಾಗ ಕೊಡ್ತಾರ. ತಂಗೀಗಿ ಇಲ್ಲಿಗಿ ತಂದ್ರ ನಮ್ಮವ್ವ ನನಗ ಮನಿಯಾಗ ಸೇರ್ಸಂಗಿಲ್ಲ."

ಅವ್ವ ಸೆರಗು ಸರಿಪಡಿಸಿಕೊಂಡು ಎದ್ದಳು. "ನಡೀರಿ."

ಸೌಮ್ಯಾ ಏಳಲಿಲ್ಲ. "ಅಕ್ಕಾ, ನಿಮ್ಮ ಜೋಡಿ ಓದಿದವರು ಈಗ ಎಲ್ಲಿ ಅದಾರ್ರಿ?"

"ಒಬ್ಬಾಕಿ ಕಾರ್ಖಾನಿ ಒಂದರ ತೆರಿಗೆ ವಿಭಾಗದಾಗ ಅದಾಳ. ದೇವಿದಾಸ ಒಬ್ಬ ಹಿರೇ ವಕೀಲರ ಕೈಕೆಳಗ. ಇಬ್ಬರು ನನ್ನ ಕಚೇರಿಯಾಗೇ. ಒಬ್ಬಾಕಿ ತಾಳಲಾರದೆ ನಡುವೇ ಬಿಟ್ಟು ಹೋದಳು, ಸುಳ್ಳು ಯಾಕ ಹೇಳ್ಲಿ? ತಡೀರಿ, ದೇವಿದಾಸನ ಜೋಡಿ ಮಾತಾಡ್ರಿ." ಮೀನಾ ಫೋನು ಹಚ್ಚಿ ನಮಗೂ ಕೇಳುವಂತೆ ಹಿಡಿದಳು. ಆ ಕಡೆಯಿಂದ, "ಈಗ ಬ್ಯಾಡ, ನಮ್ಮ ಕೇಸ್ ಕರೀಲಾಕತ್ಯಾರ!" ಎಂದು ಕೋರ್ಟಿನೊಳಗಿಂದ ಅವನು ಪಿಸುಗುಟ್ಟಿದ್ದು ಕೇಳಿತು, ಫೋನು ಕಟ್ಟಾಯಿತು.

ಸೌಮ್ಯಾಳ ಮುಖ ಅರಳಿತು. ಬಾಗಿಲ ಹತ್ತಿರ ನಿಂತಿದ್ದ ಅವ್ವನ ಕೈ ಹಿಡಿದಳು.

"ಆಯಿ, ಆ ಕಾಲೇಜಿನ ಗೋಡಿ ಮ್ಯಾಲ, ದೊಡ್ಡ ನೌಕರಿ ಸಿಕ್ಕದ ಅಂತ ಹಾಕಿದ್ರಲ್ಲ, ಅದ್ರಾಗ ಮೊದಲನೇ ಫೋಟೋ ಯಾರದು, ನೋಡ್ದೀಯೇನು? ಭವಾನಿ ಅಕ್ಕಂದೇ. ತೆರಿಗಿ ಓದಿದಾಕಿ ಅದೇ ಕಾಲೇಜಿನಾಗ ಸೀಟು ತುಂಬಾಕ ಕುಂತಾಳ. ಅಕಿ ಸುಖವಾಗಿ ಅದಾಳ, ಖರೇ. ಆದ್ರ ನಾ ಬಾಳೇವು ಮಾಡಾಕ ಬಂದಿಲ್ಲ ಆಯಿ, ಕೆಲಸ ಕಲಿಯಾಕ ಬಂದೀನಿ. ನನಗ ಈ ಮನೀನೇ ಬೇಕು."

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಮಕ್ಕಳಿಗೆ ನಿತ್ಯ ಹೇಳುವ ನಾನು, ಎದುರಿಗಿದ್ದ ಮುಖವನ್ನೂ ಗೋಡೆಯ ಮುಖವನ್ನೂ ತಾಳೆ ನೋಡಿರಲಿಲ್ಲ. ಅವ್ವನ ಕಡೆ ನೋಡಿದೆ. ಇಷ್ಟು ವರ್ಷದಲ್ಲಿ "ತರಂಗಿಲ್ಲ" ಅಂದ ಮನೆಗೆ ಅವಳು ಹೆಣ್ಣು ಕೊಡಿಸಿದ್ದೇ ಇಲ್ಲ.

"ಮುಂದ ಅಳ್ಕೋತ ಬಂದ್ರ?" ಕೇಳಿದಳು.

"ಬರಂಗಿಲ್ಲ."

ಅವ್ವ ಮೊಮ್ಮಗಳ ಹೆಗಲು ತಟ್ಟಿ, "ನೌಕರಿ ಮಾಡಾಕಿ ನೀನು. ನಿನಗ ಪಸಂದ ಬಂದದ್ದೇ ಮನಿ," ಅಂದಳು.

ಮೀನಾ ಹುರುಪಿನಿಂದ ಫೈಲೊಂದನ್ನು ಮೇಜಿನ ಮೇಲೆ ಕುಕ್ಕಿದಳು. "ನಿಮ್ಮ ಜಹೀರಾಬಾದ್ ಕಡೆದೇ ತಂಟೆ ನೋಡ್ರಿ. ಟ್ರ್ಯಾಕ್ಟರಿನ ಸೀಟು ಟ್ರ್ಯಾಕ್ಟರಿನ ಭಾಗೋ, ಇಲ್ಲಾ ಬರೇ ಕುರ್ಚಿಯೋ? ಒಂದೊಂದಕ್ಕ ಒಂದೊಂದು ತೆರಿಗಿ ಅಂತ ಜಗಳ. ನೀವೇನಂತೀರಿ?"

"ಕುರ್ಚಿ ಹ್ಯಾಂಗಾಗ್ತದ್ರಿ? ಅದರ ಮ್ಯಾಲ ಕುಂತು ಯಾರರ ಊಟ ಮಾಡ್ತಾರೇನು?" ಸೌಮ್ಯಾ ಆಗಲೇ ಕುರ್ಚಿ ಎಳೆದುಕೊಂಡು ಕುಳಿತಾಗಿತ್ತು. ಇಬ್ಬರ ತಲೆಗಳೂ ಫೈಲಿನ ಮೇಲೆ ಬಾಗಿದವು. ಒಂದು ವರ್ಷ ಯಾರೂ ಅಭಿಪ್ರಾಯ ಕೇಳದಿದ್ದ ಹುಡುಗಿ ಈಗ ಮಾತು ನಿಲ್ಲಿಸಲೊಲ್ಲಳು.

"ನಾವು ಕೆಳಗ ಚಹಾ ಕುಡಿದು ಬರ್ತೀವಿ," ಅಂದೆ. ಕೇಳಿಸಲಿಲ್ಲ. ಅವ್ವ ಮೆಟ್ಟಿಲ ಬಳಿ ನಿಂತು, "ಸೌಮ್ಯಾ, ಹೋಗಿ ಬರ್ತೀವಿ," ಅಂದಳು. ಅದೂ ಕೇಳಿಸಲಿಲ್ಲ.

ಕೆಳಗಿಳಿಯುವಾಗ ಅವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನನಗೆ ಗಾಬರಿಯಾಯಿತು. "ಯಾಕ ಅಳ್ತೀಯಬೇ? ಛಲೋನೇ ಆತಲ್ಲ?"

"ಎಷ್ಟು ಹುಡುಗ್ಯಾರ್ನ ಮನಿ ತುಂಬಿಸೀನಿ. ಎಲ್ಲಾರೂ ಅತ್ತಾರ, ಎಲ್ಲಾರೂ ತಿರುಗಿ ನೋಡ್ಯಾರ. ಇಕಿ ನೋಡ್ಲೇ ಇಲ್ಲ," ಎಂದು ಅವ್ವ ಮೂಗು ಸೀಟಿ, ಕಣ್ಣಲ್ಲಿ ನೀರಿದ್ದಂತೆಯೇ ನಕ್ಕಳು. "ಯಾರರ ಒಬ್ಬರು ಅಳ್ಬೇಕಲ್ಲೇನ!"