ಕೈಗುಣ

"ನೋಡಿ ಸ್ವಾಮಿ, ದವಡೆ ಮೂಳೆ ಹೆಂಗೆ ಕಾಣ್ತಿದೆ! ಎಂಟು ವಾರದ ಮಾಲೀಶು. ನನ್ನ ಕೈಗುಣ ಅಂದ್ರೆ ಸುಮ್ನೇನಾ?" ಕ್ಷೌರಿಕ ತನ್ನ ತಮ್ಮನ ಗಲ್ಲ ಎತ್ತಿ ಬೆಂಚಿನಲ್ಲಿದ್ದ ಗಿರಾಕಿಗೆ ತೋರಿಸಿದ.

ಎರಡು ವರ್ಷದ ಹಿಂದೆ ಈ ಅಣ್ಣನ ಒಂದು ಕಿಡ್ನಿ ತೆಗೆದು ತಮ್ಮನ ಕೆಳಹೊಟ್ಟೆಯ ಬಲಬದಿಗೆ ಕೂರಿಸಿದ್ದರು. ಆಗ ಕೊಟ್ಟ ಸ್ಟೀರಾಯ್ಡ್ ಮಾತ್ರೆಗಳಿಂದ ತಮ್ಮನ ಮುಖ ಗುಂಡಗೆ ಊದಿಕೊಂಡಿತು. ಡಾಕ್ಟರು ಮಾತ್ರೆ ಇಳಿಸುತ್ತಾ ಬಂದು ದಿನಕ್ಕೊಂದು ಪುಟ್ಟ ಮಾತ್ರೆಗೆ ತಂದರು. ಅದನ್ನು ಮಾತ್ರ ಬಿಡಬಾರದು, ಬಿಟ್ಟರೆ ಹಾಕಿದ ಕಿಡ್ನಿ ಕೆಡುತ್ತದೆ ಎಂದರು. ಮುಖ ಪೂರ್ತಿ ಇಳಿಯಲೇ ಇಲ್ಲ. ಅವನು ದುಡಿಯುವ ಬಟ್ಟೆ ಅಂಗಡಿಯ ಯಜಮಾನ ಅವನನ್ನು ಕೌಂಟರಿನಿಂದ ಗೋದಾಮಿಗೆ ತಳ್ಳಿದ. ನೋಡಲಾಗದೆ ಅಣ್ಣ ವಾರವಾರ ಅವನ ಕೆನ್ನೆ ತೀಡತೊಡಗಿದ್ದ. ಸೋಂಕು ತಗಲದಂತೆ ಅವನಿಗೇ ಬೇರೆ ಕತ್ತಿ, ಬೇರೆ ಟವೆಲು.

ಎಡಗೆನ್ನೆ ಬೋಳಿಸಿಯಾಗಿತ್ತು. ಬಿದ್ದ ಬ್ರಷ್ ಎತ್ತಿಕೊಳ್ಳಲು ಬಗ್ಗಿದ ಅಣ್ಣ ಬಗ್ಗಿದಲ್ಲೇ ಉಳಿದ. ತಮ್ಮನ ಪಾದಗಳು ಬಾತುಕೊಂಡಿದ್ದವು. ಚಪ್ಪಲಿಯ ಪಟ್ಟಿ ಮಾಂಸದೊಳಗೆ ಇಳಿದಿತ್ತು.

"ಇದ್ಯಾವಾಗಿಂದ?"

"ನಾಲ್ಕು ದಿನ ಆಯ್ತು."

"ಮಾತ್ರೆ ತಗೋತಿದ್ದೀಯ ತಾನೆ?"

ತಮ್ಮ ಪಾದಗಳನ್ನು ಹಿಂದಕ್ಕೆ ಎಳೆದುಕೊಂಡ. ಅಣ್ಣ ಭುಜ ಹಿಡಿದು ಅಲುಗಿಸಿದ.

"ಆ ಚಿಕ್ಕದೊಂದು ಬಿಟ್ಟೆ. ಮಿಕ್ಕಿದ್ದೆಲ್ಲ ತಗೋತಿದ್ದೀನಿ. ಮಗಳು ನನ್ನ ಹಳೇ ಫೋಟೋ ಹಿಡ್ಕೊಂಡು ಇದ್ಯಾರಪ್ಪಾ ಅಂದ್ಲು. ತಡ್ಕೊಳ್ಳೋಕೆ ಆಗ್ಲಿಲ್ಲ ಅಣ್ಣ. ಎರಡು ತಿಂಗಳಾಯ್ತು."

ಅಣ್ಣನ ಮೈಯೆಲ್ಲ ಉರಿಯಿತು. "ಅಯ್ಯೋ ಮುಠ್ಠಾಳ! ಡಾಕ್ಟ್ರಿಗಿಂತ ದೊಡ್ಡೋನಾ ನೀನು? ನನಗೊಂದು ಮಾತು ಹೇಳೋಕೇನಾಗಿತ್ತು ನಿಂಗೆ?"

"ಹೇಳ್ಬೇಕು ಅಂತಲೇ ಬರ್ತಿದ್ದೆ. ನೀನು ಬಂದೋರಿಗೆಲ್ಲ ನನ್ನ ಮುಖ ತೋರಿಸಿ ಅಷ್ಟು ಖುಷಿಪಡ್ತಿದ್ದೆ... ಹೆಂಗೆ ಹೇಳ್ಲಿ?"

ಗಿರಾಕಿ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡ. ವಾರವಾರವೂ ಆ ಕೆನ್ನೆಯನ್ನು ತೀಡಿದ್ದು ತಾನೇ, ಬೀಗಿದ್ದೂ ತಾನೇ. ಅಣ್ಣ ಕತ್ತಿ ಮಡಚಿ ಪಕ್ಕಕ್ಕಿಟ್ಟ.

"ಏಳು. ಆಸ್ಪತ್ರೆಗೆ ನಡಿ."

"ಇನ್ನೊಂದು ಕೆನ್ನೆ?"

"ಹಾಳಾಗ್ಲಿ ನಿನ್ನ ಕೆನ್ನೆ! ಈ ಕಿಡ್ನೀನೂ ಹೋದ್ರೆ ಕೊಡೋಕೆ ನನ್ಹತ್ರ ಇನ್ನೊಂದಿಲ್ಲ ಕಣೋ," ಎನ್ನುತ್ತಾ ಅಣ್ಣ ಅವನ ಕೊರಳಿನ ಬಟ್ಟೆ ಬಿಚ್ಚಿದ.

ಗಿರಾಕಿಯನ್ನು ಹೊರಗೆ ಕಳಿಸಿ, ಅಂಗಡಿಯ ಬಾಗಿಲೆಳೆದು ಇಬ್ಬರೂ ರಸ್ತೆಗಿಳಿದರು. ತಮ್ಮನ ಬಲಗೆನ್ನೆಯಲ್ಲಿ ಸೋಪಿನ ನೊರೆ ಒಣಗುತ್ತಿತ್ತು. ಎದುರು ಬಂದವರು ನಕ್ಕರು. ಅಣ್ಣ ಯಾರನ್ನೂ ನೋಡಲಿಲ್ಲ. ತಮ್ಮನ ಕೆಳಹೊಟ್ಟೆಯ ಬಲಬದಿಗೆ ಅಂಗಿಯ ಮೇಲಿಂದ ಅಂಗೈ ಒತ್ತಿ ಹಿಡಿದು, ಮೆಲ್ಲಗೆ ಮೆಲ್ಲಗೆ ರಸ್ತೆ ದಾಟಿಸಿದ.