ಎಮ್ಮೆಸಿಡುಬು

ಎಂಬತ್ತೇಳರ ಬೇಸಿಗೆಯಲ್ಲಿ ಅಗಡಿಯ ಜಯವ್ವನ ಬೆರಳಿಗೂ ಅವಳು ಹಿಂಡುತ್ತಿದ್ದ ಎಮ್ಮೆಯ ಕೆಚ್ಚಲಿಗೂ ಒಂದೇ ಥರದ ಗುಳ್ಳೆ ಎದ್ದವು. ಸಿಡುಬಿನ ಅಮ್ಮ ಬಂದಿದ್ದಾಳೆಂದು ಅತ್ತೆ ದೇವವ್ವ ಬಾಗಿಲಿಗೆ ಬೇವು ಕಟ್ಟಿದಳು. ಸಂಶೋಧನೆಗೆಂದು ಹಾವೇರಿಯಿಂದ ಬಂದ ದನದ ಡಾಕ್ಟರ್ ಹೇಮಪ್ಪ ಇಬ್ಬರ ಹಕ್ಕಳೆಯನ್ನೂ ಕಿತ್ತುಕೊಂಡ.

"ಮನಷ್ಯಾರ ಸಿಡುಬು ಎಂದೋ ಹೋಗೇತಿ. ಇದು ಎಮ್ಮೀದು, ಹಿಂಡೋರ ಕೈಗೆ ಹತ್ತತೈತಿ. ಕೂಸಿನ್ನ ದೂರ ಇಡ್ರಿ."

ದೇವವ್ವ ಸೊಸೆಯ ಹಾಸಿಗೆಯನ್ನು ಕೊಟ್ಟಿಗೆಗೆ ಎಸೆದಳು. "ಇಬ್ಬರದೂ ಒಂದ ಜಡ್ಡು, ಒಂದ ಕಡೆ ಬಿದ್ಕೋರಿ. ಹಿಂಡೂದು ಮಾತ್ರ ಬಿಡಬ್ಯಾಡ."

ಒಳಗೆ ಕೂಸು ಅತ್ತರೆ ಜಯವ್ವನ ಎದೆ ಹಾಲು ಸೋರಿ ಕುಪ್ಪಸ ತೊಯ್ಯುತ್ತಿತ್ತು. "ಕೈಲೆ ಮುಟ್ಟೂದಿಲ್ಲ ಅತ್ತಿ, ನೀವ ನನ್ನ ತೊಡಿ ಮ್ಯಾಲ ಇಟ್ಟು ಕುಡಸ್ರಿ."

"ಅದರ ಚಿಂತಿ ನಿನಗ್ಯಾಕ? ಎಮ್ಮಿ ಐತಿ."

ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ. ದೇವವ್ವ ಹಾಲನ್ನೂ ಕಾಯಿಸದೆ, ಹಸಿಯದನ್ನೇ ಬಟ್ಟೆಯಲ್ಲಿ ಅದ್ದಿ ಮೊಮ್ಮಗನಿಗೆ ಚೀಪಿಸಿದಳು.

ಮುಂದಿನ ವಾರ ಹೇಮಪ್ಪ ಬಂದಾಗ ಕೂಸಿನ ತುಟಿ, ನಾಲಗೆಯೆಲ್ಲ ಗುಳ್ಳೆ. ಅವನ ಮುಖ ಅರಳಿತು. "ಬಾಯಾಗ ಎದ್ದಿದ್ದು ನನಗ ಎಲ್ಲೂ ಸಿಕ್ಕಿದ್ದಿಲ್ಲ. ಯಾರರ ಹಿಡಕೋರಿ."

ದೇವವ್ವ ಗೋಡೆಗೆ ಸರಿದು ನಿಂತಳು. "ನನಗ ಹತ್ತೀತು. ಏ ಜಯವ್ವ, ನೀನ ಬಾ."

ಜಯವ್ವ ಓಡಿಬಂದು ಕೂಸನ್ನು ತೊಡೆಗೆ ಎಳೆದುಕೊಂಡಳು. ಅದು ಅವಳ ವಾಸನೆ ಹಿಡಿದು, ಅಳುತ್ತಲೇ ಎದೆಗೆ ಬಾಯಿ ಒಡ್ಡಿತು. ಅವಳು ಸೆರಗು ಸರಿಸಿದಳು.

"ಕುಡಸಬ್ಯಾಡ," ಎಂದ ಹೇಮಪ್ಪ, ಚಿಮಟ ತೆಗೆಯುತ್ತ. "ಅಳಲಿ ಬಿಡು. ಬಾಯಿ ತೆರದಿರಬೇಕು."