ಹಾಡು ನಿಲ್ಲುವ ಜಾಗ

೧

ಎಲ್ಲಿಂದ ಶುರು ಮಾಡಲಿ? ಪಾರ್ಕಿಂಗ್‌ನಿಂದಲೇ? ಗಾಡಿ ನಿಲ್ಲಿಸಲು ಜಾಗ ಸಿಗದ ಕಥೆಯನ್ನು ಕೂತು ಓದುವ ಕರ್ಮ ಯಾರಿಗಿದೆ? ಆ ಪಾಡು ಎಲ್ಲರಿಗೂ ಮನೆ ಮುಂದೆಯೇ ಪುಕ್ಕಟೆ ಸಿಗುತ್ತದೆ.

ಮೊದಲ ಕರಡಿನ ಮೊದಲ ಸಾಲು: ‘ನಗರದ ಮೇಲೆ ಸಂಜೆ ಹಳೆಯ ಗಾಯದಂತೆ ಕೆಂಪಾಗುತ್ತಿತ್ತು.’ (ಹರಿದು ಹಾಕಿದೆ. ಅನುವಾದದಲ್ಲಿ ಓದಿದ ಕಾದಂಬರಿಗಳ ಸಂಜೆಗಳೆಲ್ಲ ಹೀಗೆ ಏನೋ ಒಂದರಂತೆ ಇರುತ್ತವೆ. ನನ್ನ ಕಿಟಕಿಯಾಚೆಯದು ಮಾತ್ರ ಯಾವತ್ತೂ ಬರೀ ಸಂಜೆ.)

ಎರಡನೆಯ ಕರಡು: ‘ವ್ಯಾನಮ್ಮ ಬ್ರೇಕ್ ಹಾಕಿದಳು.’ ಇದು ಪರವಾಗಿಲ್ಲ ಅಂದುಕೊಳ್ಳುವಷ್ಟರಲ್ಲಿ ವ್ಯಾನಮ್ಮ ಹಾಳೆಯೊಳಗಿಂದಲೇ ತಿರುಗಿ ನೋಡಿ, “ಹಾಕಿದಳಂತೆ! ಏನಪ್ಪಾ, ಅಮ್ಮನ ವಯಸ್ಸಿನವರನ್ನ ನಿಮ್ಮನೇಲಿ ಹಿಂಗೇ ಮಾತಾಡ್ಸೋದಾ?” ಅಂದರು.

ಸರಿ. ವ್ಯಾನಮ್ಮ ಬ್ರೇಕ್ ಹಾಕಿದರು.

ಹಾಕಲೇಬೇಕಾಯಿತು. ನಗರದ ನಟ್ಟನಡುವಿನ ಆ ನೆಲಮಾಳಿಗೆ ಪಾರ್ಕಿಂಗ್‌ನ ಬಾಯಿಗೆ ಅಡ್ಡಲಾಗಿ ಒಂದು ಕಬ್ಬಿಣದ ಪಟ್ಟಿ ತೂಗುತ್ತಿತ್ತು. ಅದಕ್ಕಿಂತ ಎತ್ತರದ ಗಾಡಿಗೆ ಒಳಗೆ ಜಾಗವಿಲ್ಲ. ವ್ಯಾನಮ್ಮ ತಂದಿದ್ದದ್ದು ತಮ್ಮದೇ ಹಳದಿ ಶಾಲಾ ವ್ಯಾನು. ಹಿಂದಿನ ಸೀಟಿನಲ್ಲಿ ಯಾವುದೋ ಮಗುವಿನ ಒಂಟಿ ಕಾಲುಚೀಲ, ಸಂದಿಗಳಲ್ಲೆಲ್ಲ ಬಿಸ್ಕತ್ತಿನ ಪುಡಿ.

“ಮಕ್ಕಳನ್ನ ಇಳಿಸೋಕೆ ಬಂದ್ರಾ ಮೇಡಂ?” ಎಂದ ಕಾವಲಿನವನು.

“ಇಲ್ಲಪ್ಪ, ನಾವೇ ಇಳಿಯೋಕೆ ಬಂದ್ವಿ. ಕನ್ಸರ್ಟ್‌ಗೆ.”

ಅವನು ವ್ಯಾನನ್ನು ನೋಡಿದ, ಅವರ ಇಸ್ತ್ರಿ ಮಡಿಕೆ ಮುರಿಯದ ಬಟ್ಟೆಯನ್ನು ನೋಡಿದ, ಊರಾಚೆಯ ಮೈದಾನದ ಕಡೆ ಕೈ ತೋರಿಸಿದ. ಅಲ್ಲಿ ನಿಲ್ಲಿಸಿ ಶಟಲ್ ಬಸ್ಸಿನಲ್ಲಿ ವಾಪಸು ಬರಬೇಕಂತೆ. ಬಂದ ದಾರಿಗೆ ಸುಂಕವಿಲ್ಲ ಎಂದು ವ್ಯಾನಮ್ಮ ಗಾಡಿ ತಿರುಗಿಸಿದರು.

೨

ಡ್ರೈವರನ್ನು ಪ್ರಯಾಣಿಕರ ಸೀಟಿನಲ್ಲಿ ಕೂರಿಸುವುದೆಂದರೆ ಅಡುಗೆಯವರ ಕೈಕಟ್ಟಿ ಎದುರಿಗೇ ಹಾಲು ಉಕ್ಕಿಸಿದ ಹಾಗೆ. ಶಟಲ್ ಬಸ್ಸಿನ ಪ್ರತಿ ತಿರುವಿನಲ್ಲೂ ವ್ಯಾನಮ್ಮನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಒಂದು ಕಡೆ ಮುದುಕರೊಬ್ಬರ ಎರಡನೆಯ ಪಾದ ನೆಲ ಮುಟ್ಟುವ ಮೊದಲೇ ಬಸ್ಸು ಹೊರಟಿತು.

“ಇಳಿದ್ರಾ ಅಂತ ಕೇಳ್ಬಾರ್ದೇನ್ರೀ?” ವ್ಯಾನಮ್ಮ ಕೂಗಿದರು. ಬಸ್ಸಿನವನ ಕಿವಿಯಲ್ಲಿ ಇಯರ್‌ಫೋನ್ ಇತ್ತು.

“ಇವತ್ತೊಂದಿನ ಸುಮ್ನಿರೇ,” ಎಂದರು ಪಕ್ಕದಲ್ಲಿದ್ದ ಗಂಡ. ಅವರು ಹಲ್ಲಿನ ಸೆಟ್ಟು ಮಾಡುವವರು. ಡಾಕ್ಟರಲ್ಲ, ಡಾಕ್ಟರು ಅಳತೆ ಕಳಿಸುತ್ತಾರೆ, ಇವರು ಹಲ್ಲು ಕಳಿಸುತ್ತಾರೆ. ಬಸ್ಸು ದೊಡ್ಡ ವೃತ್ತಕ್ಕೆ ಬಂದಾಗ ಅವರು ಹೆಂಡತಿಯ ಮೊಣಕೈ ತಿವಿದರು. “ಅಲ್ನೋಡು, ಅಲ್ನೋಡು! ಮೇಲಿನ ಮುಂದಿನವು ಎರಡೂ ನಮ್ಮವೇ!”

ಮೂರಂತಸ್ತಿನ ಪೋಸ್ಟರು. ಅದರ ತುಂಬ ಇವತ್ತಿನ ಗಾಯಕಿಯ ನಗು. ಆ ನಗುವಿನ ನಡುವೆ, ಬಾಗಿಲಿನಷ್ಟು ಎತ್ತರಕ್ಕೆ, ಗಂಡ ಮಾಡಿದ ಎರಡು ಹಲ್ಲು.

(ಸುಳ್ಳಲ್ಲ. ಪೋಸ್ಟರಿಗೆ ಏರುವ ಮೊದಲು ಈ ಗಾಯಕಿ ವ್ಯಾನಮ್ಮನ ವ್ಯಾನಿನಲ್ಲಿ ಬಾಗಿಲು ತೆಗೆದು ಮಕ್ಕಳನ್ನು ಹತ್ತಿಸಿ ಇಳಿಸುವ ಕೆಲಸಕ್ಕಿದ್ದಳು. ಮಕ್ಕಳು ಅವಳನ್ನು ಬಾಗಿಲಕ್ಕ ಅನ್ನುತ್ತಿದ್ದರು. ಒಂದು ದಿನ ಅದೇ ಬಾಗಿಲು ಬಡಿದು ಮುಂದಿನ ಎರಡು ಹಲ್ಲು ಮುರಿದವು. ‘ಬಾಗಿಲಕ್ಕ’ನನ್ನು ಏಕವಚನದಲ್ಲಿ ಬರೆದದ್ದಕ್ಕೆ ವ್ಯಾನಮ್ಮ ಏನೂ ಅನ್ನಲಿಲ್ಲ. ಗಮನಿಸಿ.)

೩

ಊಟದ ದೃಶ್ಯ ಬರೆಯಲು ನನಗೆ ಬರುವುದಿಲ್ಲ. ಪಾತ್ರಗಳು ಅಗಿಯುವಾಗ ಮಾತಾಡುವುದಿಲ್ಲ, ಮಾತಾಡುವಾಗ ಊಟ ಆರುತ್ತದೆ. ಆದರೆ ಈ ಕಥೆಯ ಮುಖ್ಯ ಮಾತೆಲ್ಲ ನಡೆದದ್ದು ಊಟದ ಮೇಜಿನ ಮುಂದೆಯೇ.

ಕನ್ಸರ್ಟ್ ದಿನ ನಗರದ ನಡುಭಾಗದಲ್ಲಿ ಹೋಟೆಲುಗಳಿಗೆ ಕೊಬ್ಬು. ಮೊದಲನೆಯದರಲ್ಲಿ ಬುಕ್ ಮಾಡಿದವರಿಗೆ ಮಾತ್ರ. ಎರಡನೆಯದರಲ್ಲಿ ನಿಂತು ತಿನ್ನಬೇಕು. ಮೂರನೆಯದರಲ್ಲಿ ಸಾಲು ಬಾಗಿಲಿಂದ ಬೇಕರಿಯವರೆಗೆ. ಕೊನೆಗೆ ವೇಟರ್ ಒಬ್ಬ ಇವರಿಬ್ಬರನ್ನು ಕರೆದೊಯ್ದು, ಆಗಲೇ ಒಬ್ಬ ಹುಡುಗ ಕೂತಿದ್ದ ಮೇಜಿಗೆ ಸೇರಿಸಿದ.

“ಶೋ ಮುಂಚೆ ಕನ್ಸರ್ಟ್ ಮೆನು ಮಾತ್ರ. ಟೇಬಲ್ ಬೇಗ ಬಿಟ್ಕೊಡ್ಬೇಕು.”

“ಬರೋಕೆ ಮುಂಚೆನೇ ಹೋಗಿ ಅಂತೀಯಲ್ಲಪ್ಪ,” ಅಂದರು ಗಂಡ. ಬಂದದ್ದು ಸೂಪು ಮತ್ತು ಬ್ರೆಡ್ಡು. ಸೂಪಿಗೂ ಹಾಡಿನ ಹೆಸರಿಟ್ಟಿದ್ದರು. ಬ್ರೆಡ್ಡನ್ನು ಗಂಡ ಬೆರಳಿನಿಂದ ತಟ್ಟಿ ನೋಡಿ, “ಇಂಥ ಬ್ರೆಡ್ ಮಾಡೋರು ನೂರು ವರ್ಷ ಬಾಳ್ಲಿ. ನಮ್ಮ ಹೊಟ್ಟೆಪಾಡು ನಡೆಯುತ್ತೆ,” ಅಂದರು.

ಗೋಡೆಯ ಸ್ಪೀಕರಿನಲ್ಲಿ ಬಾಗಿಲಕ್ಕನ ಆ ಪ್ರಸಿದ್ಧ ಹಾಡು. ವೇಟರ್ ಅದನ್ನೇ ಗುನುಗುತ್ತಾ ನೀರು ಸುರಿದ. ವ್ಯಾನಮ್ಮ ಚಮಚ ಕೆಳಗಿಟ್ಟರು.

“ಕೇಳಿ ರೀ, ಕೇಳಿ. ‘ಕಿಟಕಿಯ ಆಚೆಗೆ ಕೈ ಚಾಚು ಗೆಳೆಯಾ’ ಅಂತೆ! ವ್ಯಾನಿನ ಮಕ್ಕಳಿಗೆ ನಾನು ಕಟ್ಟಿದ್ದು ‘ಕೈ ಹಾಕಬೇಡ’ ಅಂತ. ಮಕ್ಕಳು ಕೇಳೋ ಹಾಡಲ್ಲಿ ಕೈ ಹೊರಗೆ ಹಾಕು ಅಂತಾಳಲ್ಲ, ಇವಳಿಗೆ ಬುದ್ಧಿ ಬೇಡ್ವಾ?”

“ಪ್ರೇಮಗೀತೆ ಕಣೇ ಅದು. ಅದರಲ್ಲಿ ವ್ಯಾನು ಬರಲ್ಲ.”

“ಕಿಟಕಿ ಬರುತ್ತಲ್ಲ!”

ಗಂಡ ದನಿ ತಗ್ಗಿಸಿದರು. “ನೀನು ಮೆಸೇಜ್ ಹಾಕಿದ್ದಕ್ಕೆ ಎರಡು ಪಾಸ್ ಕಳಿಸಿದಾಳೆ. ಏನೋ ಮನಸಲ್ಲಿದೆ ಅಂತ ತಾನೇ?”

“ಸ್ಟೇಜ್ ಮೇಲೆ ಹೇಳ್ತಾಳೆ ಅಂತೀರಾ?”

“ಹೇಳದಿದ್ರೆ ಏನೀಗ? ನಾನು ಮಾಡಿದ ಹಲ್ಲು ಊರೆಲ್ಲ ಅಗೀತಾವೆ. ಯಾವ ಹಲ್ಲಿನ ಮೇಲಾದ್ರೂ ನನ್ನ ಹೆಸರಿದೆಯಾ?”

“ನಿಮ್ಮನ್ನ ಕೇಳಿ ಹಾಕಿಸ್ಕೊಂಡ್ರು. ನನ್ನದನ್ನ ಕೇಳದೆ ಕಿತ್ಕೊಂಡ್ಳು. ಹಾಕ್ಸೋದಕ್ಕೂ ಕೀಳೋದಕ್ಕೂ ವ್ಯತ್ಯಾಸ ನಿಮಗೆ ನಾನು ಹೇಳ್ಕೊಡ್ಬೇಕಾ?”

ಗಂಡ ಬ್ರೆಡ್ಡನ್ನು ಸೂಪಿನಲ್ಲಿ ನೆನೆಹಾಕಿದರು.

“ಒಂದೇ ಮಾತು ರೀ. ‘ಇದು ನಮ್ಮಕ್ಕನ ಹಾಡು.’ ಇಷ್ಟಂದ್ರೆ ಸಾಕು. ನಾನು ಎದ್ದು ನಿಂತು ಒಂದ್ಸಲ ತಲೆಯಾಡ್ಸಿ ಕೂತ್ಕೊಂಡ್ಬಿಡ್ತೀನಿ.”

ಬೆಳಿಗ್ಗೆ ಕನ್ನಡಿಯ ಮುಂದೆ ಅವರು ಹಾಗೆ ಎದ್ದು ಕೂತು ನೋಡಿದ್ದರು. ಅದನ್ನು ಗಂಡನಿಗೆ ಹೇಳಲಿಲ್ಲ.

(ಮೂರನೆಯ ಕುರ್ಚಿಯ ಹುಡುಗ ನಾನೇ. ಮೆನು ಓದುವವನಂತೆ ಫೋನಿಗೆ ತಲೆ ಬಗ್ಗಿಸಿ ‘ಹಾಕ್ಸೋದಕ್ಕೂ ಕೀಳೋದಕ್ಕೂ’ ಎಂದು ಟೈಪ್ ಮಾಡುತ್ತಿದ್ದೆ. ವ್ಯಾನಮ್ಮ ತಮ್ಮ ಬ್ರೆಡ್ಡಿನ ತಟ್ಟೆ ನನ್ನ ಕಡೆ ಸರಿಸಿ, “ತಗೋಪ್ಪ, ಒಬ್ನೇ ಬಂದಿದೀಯ,” ಅಂದರು. ತಗೊಂಡೆ.)

೪

ಹಾಡಿನ ವಿಷಯ. ಇದನ್ನು ಬಿಟ್ಟರೆ ಮುಂದಿನದು ತಿಳಿಯುವುದಿಲ್ಲ.

ಮನೆ ಮನೆ ಮನೆ ಕಡೆ ಹೊರಟಿತು ಗಾಲಿ
ಕಿಟಕಿಯ ಆಚೆಗೆ ಕೈ ಹಾಕಬೇಡ—

ಇಲ್ಲಿಗೆ ಬರುವಾಗ ಸರಿಯಾಗಿ ಯಾವುದೋ ಮಗುವಿನ ಮನೆ ಬರುವಂತೆ ವ್ಯಾನಮ್ಮ ವೇಗ ಹೊಂದಿಸುತ್ತಿದ್ದರು. ವ್ಯಾನು ನಿಲ್ಲುವುದು, ಹಾಡು ನಿಲ್ಲುವುದು. ಬಾಗಿಲಕ್ಕ ಬಾಗಿಲು ಸರಿಸಿ ಮಗುವನ್ನು ಇಳಿಸುವಳು. ವ್ಯಾನಮ್ಮ ಕನ್ನಡಿಯಲ್ಲಿ ನೋಡುತ್ತಾ “ಇಳಿದ್ರಾ?” ಅನ್ನುವರು. “ಇಳಿದ್ರು, ಹೋಗೋಣ!” ಎಂದು ಉತ್ತರ, ಧಡ್ ಎಂದು ಬಾಗಿಲು, ಕಡಿದ ಸ್ವರದಿಂದಲೇ ಮತ್ತೆ ಹಾಡು. ವರ್ಷಗಟ್ಟಲೆ, ದಿನಕ್ಕೆರಡು ಹೊತ್ತು.

ಬಾಗಿಲಕ್ಕ ಹಾಡಿನ ಮಾತು ಬದಲಿಸಿದಳು, ರಾಗ ಇಟ್ಟುಕೊಂಡಳು. ನಿಲ್ಲುವ ಜಾಗವನ್ನೂ ಇಟ್ಟುಕೊಂಡಳು. ಆ ಮೌನವೇ ಈಗ ಪ್ರಸಿದ್ಧ. ವಿಮರ್ಶಕರೊಬ್ಬರು ಅದನ್ನು ‘ವಿರಹದ ಪಾತಾಳ’ ಅಂದಿದ್ದಾರೆ. (ಪಾಪ, ಅಲ್ಲಿ ಒಂದು ಮಗು ನೀರಿನ ಬಾಟಲಿ ಮರೆತು ವಾಪಸು ಓಡಿ ಬರುತ್ತಿತ್ತು ಅಷ್ಟೆ.) ಸಂದರ್ಶನದಲ್ಲಿ ಬಾಗಿಲಕ್ಕ ಹೇಳಿದ್ದು: ಹಾಡು ಕನಸಿನಲ್ಲಿ ಬಂತು.

“ಕಂಡಿರ್ತಾಳೆ ಕನಸು,” ಅಂದಿದ್ದರು ವ್ಯಾನಮ್ಮ. “ನನ್ನ ವ್ಯಾನಲ್ಲೇ, ಹಿಂದಿನ ಸೀಟಲ್ಲಿ, ಬಾಯ್ ಬಿಟ್ಕೊಂಡು.”

೫

ಪಾಸಿನ ಸೀಟುಗಳು ಸಭಾಂಗಣದ ಕಟ್ಟಕಡೆಯ ಸಾಲಿನಲ್ಲಿ, ಕಂಬದ ಹಿಂದೆ. ನಾನು ಬೇಕೆಂದೇ ಒಂದು ಖಾಲಿ ಕುರ್ಚಿ ಹಿಡಿದು ಪಕ್ಕದಲ್ಲೇ ಕೂತೆ.

“ಇಲ್ಲಿ ಎದ್ದು ನಿಂತ್ರೂ ಯಾರಿಗೂ ಕಾಣಲ್ಲ ರೀ,” ಅಂದರು ವ್ಯಾನಮ್ಮ.

“ಕಂಬಕ್ಕೆ ಕಾಣುತ್ತೆ,” ಅಂದರು ಗಂಡ. ನಗಿಸಲು ನೋಡಿದ್ದರು. ಆಗಲಿಲ್ಲ.

(ಇಲ್ಲಿ ನಾನು ವ್ಯಾನಮ್ಮನಿಂದ ಕೂಗಿಸಬೇಕೆಂದಿದ್ದೆ. ‘ಕಳ್ಳೀ!’ ಎಂದು, ಇಡೀ ಸಭಾಂಗಣ ಬೆಚ್ಚಿಬೀಳುವಂತೆ. ಎರಡು ಪುಟ ಬರೆದೂ ಆಗಿತ್ತು. ವ್ಯಾನಮ್ಮ ಒಪ್ಪಲಿಲ್ಲ. “ನಿನ್ನ ಕಥೆಗೆ ಕಾವು ಬೇಕು ಅಂತ ನನ್ನನ್ಯಾಕೆ ಒಲೆಗೆ ಹಾಕ್ತೀಯ? ನಾನು ಹೇಳೋಕೆ ಬಂದಿಲ್ಲ, ಕೇಳೋಕೆ ಬಂದಿದೀನಿ.”)

ಆ ಹಾಡು ಕಾರ್ಯಕ್ರಮದ ಕೊನೆಯಲ್ಲಿ ಬಂತು. ಅಷ್ಟು ಹೊತ್ತೂ ಪ್ರತಿ ಹಾಡಿನ ಮುಂಚೆ ಬಾಗಿಲಕ್ಕ ಏನಾದರೂ ಮಾತಾಡಿದ್ದಳು: ಅಮ್ಮನ ಬಗ್ಗೆ, ಮೊದಲ ಮೈಕಿನ ಬಗ್ಗೆ. ಈ ಹಾಡಿನ ಮುಂಚೆ ಏನೂ ಹೇಳಲಿಲ್ಲ. ಬದಿಯ ದೊಡ್ಡ ಪರದೆಯಲ್ಲಿ ಕಣ್ಣು ಮುಚ್ಚಿದ್ದು ಕಂಡಿತು, ಶುರು ಮಾಡಿಬಿಟ್ಟಳು. ಕುರ್ಚಿಯ ತುದಿಗೆ ಬಂದಿದ್ದ ವ್ಯಾನಮ್ಮ ಹಿಂದಕ್ಕೊರಗಿದರು. ಮುಗಿಯಿತು, ಹೇಳುವುದಿದ್ದರೆ ಈಗಲೇ ಹೇಳಬೇಕಿತ್ತು.

ಆದರೆ ಹಾಡು ಅವರದು. ತಲೆ ಬೇಡವೆಂದರೂ ಬೆರಳು ಮೊಣಕಾಲಿನ ಮೇಲೆ ತಾಳ ಹಾಕತೊಡಗಿತು, ಎಡಗಾಲು ಕ್ಲಚ್ ಹುಡುಕಿತು. ಕಿಟಕಿಯ ಆಚೆಗೆ ಕೈ ಚಾಚು ಗೆಳೆಯಾ... ಸ್ವರ ಕಡಿಯಿತು. ಸಾವಿರಾರು ಜನ ಉಸಿರು ಹಿಡಿದರು. ಸೂಜಿ ಬಿದ್ದರೂ ಕೇಳುವ ಆ ಮೌನದಲ್ಲಿ ವ್ಯಾನಮ್ಮ ತಲೆ ಕೊಂಚ ಮೇಲೆತ್ತಿ, ಇಲ್ಲದ ಕನ್ನಡಿಯನ್ನು ನೋಡುತ್ತಾ, ಗಟ್ಟಿಯಾಗಿ ಕೇಳಿದರು:

“ಇಳಿದ್ರಾ?”

ಬೇಕೆಂದು ಕೇಳಿದ್ದಲ್ಲ. ವ್ಯಾನು ನಿಂತಾಗ ಯಾರಾದರೂ ಕೇಳಲೇಬೇಕಲ್ಲ.

“ಇಳಿದ್ರು, ಹೋಗೋಣ!”

ಉತ್ತರ ವೇದಿಕೆಯಿಂದ ಬಂತು. ಗಾಯಕಿಯ ಜೇನುದನಿಯಲ್ಲ, ರಸ್ತೆಯ ಸದ್ದಿನ ಮೇಲೆ ಕೂಗಿ ಕೂಗಿ ಒರಟಾದ ಬಾಗಿಲಕ್ಕನ ಹಳೇ ದನಿ. ಅವಳ ಬಲಗೈ ಗಾಳಿಯಲ್ಲಿ ಬಾಗಿಲನ್ನು ಎಳೆದು ಮುಚ್ಚಿಯೂ ಆಗಿತ್ತು. ಆಮೇಲೆ ಅವಳ ಕಣ್ಣು ತೆರೆಯಿತು.

ಗಂಡ ಹೆಂಡತಿಯ ಕೈ ಹಿಡಿದರು. “ಒಪ್ಕೊಂಡ್ಳು ಕಣೇ! ಎಲ್ಲರ ಮುಂದೆ ಒಪ್ಕೊಂಡ್ಬಿಟ್ಳು!”

ಸಭಾಂಗಣ ಕಿತ್ತುಹೋಗುವಂತೆ ಚಪ್ಪಾಳೆ. ಅದೂ ಕಾರ್ಯಕ್ರಮದ ಭಾಗವೆಂದೇ ಎಲ್ಲರೂ ತಿಳಿದಿದ್ದರು.

ಬಾಗಿಲಕ್ಕ ಕತ್ತಲಿನೊಳಗೆ ನೋಡಿದಳು, ಕಂಬದ ಕಡೆಯೇ. ಅವಳ ಬಾಯಿ ‘ಅ’ ಎಂಬಷ್ಟು ತೆರೆಯಿತು. ಚಪ್ಪಾಳೆ ನಿಲ್ಲಲಿಲ್ಲ. ಅವಳು ಅದನ್ನು ಕೇಳಿಸಿಕೊಂಡಳು, ಅಳೆದಳು, ನಕ್ಕಳು. ಗಂಡನ ಎರಡು ಹಲ್ಲು ದೀಪದಲ್ಲಿ ಹೊಳೆದವು.

“ಯಾರೋ ಅಭಿಮಾನಿ ‘ಇಳಿದ್ರಾ’ ಅಂತ ಕೇಳಿದ್ರು,” ಅಂದಳು ಮೈಕಿಗೆ. “ಎಂಥ ಮಾತು! ನೋವಿನಿಂದ ನಾವೆಲ್ಲ ಒಂದಿನ ಇಳೀಲೇಬೇಕು, ಅಲ್ವಾ?”

ಮತ್ತೆ ಚಪ್ಪಾಳೆ. ವ್ಯಾನಮ್ಮ ಕೈ ಬಿಡಿಸಿಕೊಂಡರು.

“ಅಭಿಮಾನಿ,” ಅಂದರು. ಅಷ್ಟೆ. ವಾಪಸು ಶಟಲ್ ಬಸ್ಸಿನಲ್ಲಿ ಕಾಲು ಒಂದು ಸಲವೂ ಬ್ರೇಕ್ ಒತ್ತಲಿಲ್ಲ.

೬

ಈಗ ಕೊನೆ ಬೇಕು. ನನ್ನ ಹತ್ತಿರ ಮೂರಿವೆ, ನೋಡಿ.

ಕೊನೆ ಒಂದು. ವ್ಯಾನಮ್ಮ ವೇದಿಕೆಯ ಹಿಂದಕ್ಕೆ ಹೋಗುತ್ತಾರೆ, ಬಾಗಿಲಕ್ಕ ಓಡಿ ಬಂದು ತಬ್ಬಿಕೊಳ್ಳುತ್ತಾಳೆ, ಇಬ್ಬರೂ ಅಳುತ್ತಾರೆ. (“ಥೂ,” ಅಂದರು ವ್ಯಾನಮ್ಮ. ತೆಗೆದೆ.)

ಕೊನೆ ಎರಡು. ಮುಂದಿನ ಊರಿನ ಕಾರ್ಯಕ್ರಮದಲ್ಲಿ ಆ ಮೌನ ಬಂದಾಗ ಕತ್ತಲಿನಲ್ಲಿ ಒಂದು ಹೆಣ್ಣುದನಿ ‘ಇಳಿದ್ರಾ?’ ಅನ್ನುತ್ತದೆ. ಬಾಗಿಲಕ್ಕನ ತಂಡದವಳೇ, ಸಂಬಳಕ್ಕೆ. (ಇದು ನಾನು ಕಲ್ಪಿಸಿದ್ದೆಂದು ಹೇಳಿಕೊಳ್ಳುವ ಆಸೆ ಇತ್ತು. ವಿಡಿಯೊ ಎಲ್ಲರ ಫೋನಿನಲ್ಲೂ ಇದೆ. ಈಗಂತೂ ಇಡೀ ಜನಸ್ತೋಮವೇ ಒಕ್ಕೊರಲಿನಲ್ಲಿ ಕೇಳುತ್ತದೆ.)

ಕೊನೆ ಮೂರು. ಶಾಲೆ ಬಿಟ್ಟಿದೆ. ಹೊಸ ಬಾಗಿಲಿನವಳಿಗೆ ಹಾಡು ಬರುವುದಿಲ್ಲ, ವ್ಯಾನಮ್ಮ ಹಾಡುವುದಿಲ್ಲ. ಹಿಂದಿನ ಸೀಟಿನಿಂದ ಒಂದು ಮಗು ಶುರು ಮಾಡುತ್ತದೆ, ಉಳಿದವು ಸೇರುತ್ತವೆ: ‘ಕೈ ಚಾಚು ಗೆಳೆಯಾ!’ ಒಂದೊಂದು ಕಿಟಕಿಯಿಂದಲೂ ಪುಟ್ಟ ಕೈಗಳು ಹೊರಬರುತ್ತವೆ. ವ್ಯಾನಮ್ಮ ಬ್ರೇಕ್ ಹಾಕುತ್ತಾರೆ, ಎಲ್ಲರೂ ಮುಂದಕ್ಕೆ ಮುಗ್ಗರಿಸುವಷ್ಟು ಜೋರಾಗಿ. “ಕೈ ಒಳಗೆ!” ಮಕ್ಕಳು ಹೆದರಿ ನೋಡುತ್ತಾರೆ. ಒಂದು ಮಗು ಅಳುಮೋರೆ ಮಾಡಿ, “ಹಾಡಲ್ಲಿ ಹಂಗೇ ಇರೋದು ವ್ಯಾನಮ್ಮ. ನಿಮಗೆ ಗೊತ್ತಿಲ್ಲ,” ಅನ್ನುತ್ತದೆ.

ನನಗೆ ಇದು ಇಷ್ಟವಾಯಿತು. ಇಲ್ಲಿಗೇ ನಿಲ್ಲಿಸಿ ಪತ್ರಿಕೆಗೆ ಕಳಿಸೋಣವೆಂದು ಹಾಳೆ ಜೋಡಿಸಿದೆ.

೭

“ಚೆನ್ನಾಗಿದೆ,” ಅಂದರು ವ್ಯಾನಮ್ಮ. ಮೊದಲ ಬಾರಿ ಹೊಗಳಿದ್ದು. ಜೋಡಿಸಿದ ಹಾಳೆಗಳನ್ನು ಕೆಳಗಿಟ್ಟೆ.

“ಕಥೆ ಮೇಲೆ ಯಾರ ಹೆಸರು ಬರುತ್ತಪ್ಪ?”

“ನಂದು... ಬರೆದೋನು ನಾನಲ್ವಾ ಅಮ್ಮ.”

“ಎಲ್ಲಿಂದ ಬಂತು ಅಂತ ಯಾರಾದ್ರೂ ಕೇಳಿದ್ರೆ?”

ಹೇಳಲು ನನ್ನಲ್ಲಿ ದೊಡ್ಡ ದೊಡ್ಡ ಮಾತುಗಳಿದ್ದವು: ಲೇಖಕನೇ ಇಲ್ಲ, ಎಲ್ಲ ಪಠ್ಯವೂ ಇನ್ನೊಂದು ಪಠ್ಯ, ಮೂಲ ಎಂಬುದೊಂದು ಭ್ರಮೆ. ಅನುವಾದದಲ್ಲಿ ಓದಿ ಗೆರೆ ಎಳೆದಿಟ್ಟುಕೊಂಡಂಥವು. ಅವರು ಕೊಟ್ಟ ಬ್ರೆಡ್ಡಿನ ಒಂದು ಚೂರು ಇನ್ನೂ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿದೆ ಅನ್ನಿಸಿತು.

“ಕನಸಲ್ಲಿ ಬಂತು ಅಂತೀಯ,” ಅಂದರು ಅವರೇ. ಸಿಟ್ಟಿನಲ್ಲಿ ಅಂದದ್ದಲ್ಲ.

ಓದುಗರೇ, ನಿಮ್ಮನ್ನು ನಿಮ್ಮ ನಿಮ್ಮ ಮನೆ ಮುಂದೆ ಬಿಟ್ಟಿದ್ದೇನೆ. ಬಾಟಲಿ, ಕಾಲುಚೀಲ ನೋಡಿಕೊಳ್ಳಿ. ಇದು ಕೊನೆಯಲ್ಲ, ಕೊನೆ ಹಾಕುವ ಹಕ್ಕು ನನ್ನದಲ್ಲ. ವ್ಯಾನು ನಿಂತಿದೆ, ಬಾಗಿಲು ತೆರೆದಿದೆ. ವ್ಯಾನಮ್ಮ ತಿರುಗಿಲ್ಲ, ಕನ್ನಡಿಯಲ್ಲೇ ಹಿಂದಿನ ಸೀಟನ್ನು ನೋಡುತ್ತಿದ್ದಾರೆ.

“ಇಳಿದ್ಯೇನಪ್ಪಾ?”

ನಾನಿನ್ನೂ ಇಳಿದಿಲ್ಲ.